ಕಾಂತಬಾಲದಲ್ಲಿ ಹರಿವು ಮೊದಲೋ, ಕ್ಷೇತ್ರ ಮೊದಲೋ?

ಪ್ರತಿ ಹುಣ್ಣಿಮೆಯ ಆಸುಪಾಸಿನಲ್ಲಿ ಸುಮಾರು ಆರು ದಿನ ಚಂದ್ರ ಭೂಮಿಯ ಬಾಲದೊಳಗೆ ಇರುತ್ತಾನೆ. ಈ ಬಾಲ ಕಣ್ಣಿಗೆ ಕಾಣುವಂಥದ್ದಲ್ಲ. ಸೂರ್ಯನಿಂದ ಎಡೆಬಿಡದೆ ಹೊರಬೀಳುವ ಸೌರಮಾರುತವು ಭೂಮಿಯ ಕಾಂತಕ್ಷೇತ್ರವನ್ನು ಹಗಲಿನ ಬದಿಯಲ್ಲಿ ಒತ್ತಿ ಹಿಡಿದು, ಇರುಳಿನ ಬದಿಯಲ್ಲಿ ಉದ್ದಕ್ಕೆ ಎಳೆದುಬಿಡುತ್ತದೆ. ಹಾಗೆ ಎಳೆದ ಭಾಗವೇ ಕಾಂತಬಾಲ. ಹಗಲಿನ ಬದಿಯಲ್ಲಿ ಭೂಮಿಯ ತ್ರಿಜ್ಯದ ಸುಮಾರು ಹತ್ತರಷ್ಟು ದೂರಕ್ಕೇ ಮುಗಿಯುವ ಕಾಂತಗೋಳ, ಅಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ಪ್ರದೇಶ, ಇರುಳಿನ ಬದಿಯಲ್ಲಿ ಅರವತ್ತು ತ್ರಿಜ್ಯ ದೂರದ ಚಂದ್ರನ ಕಕ್ಷೆಯನ್ನೂ ದಾಟಿ ಬಹುದೂರ ಚಾಚಿಕೊಂಡಿದೆ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಕಕ್ಷಾನೌಕೆ ಚಂದ್ರನ ಜೊತೆಯಲ್ಲೇ ಈ ಬಾಲವನ್ನು ಹಾದುಹೋಯಿತು. ಚಂದ್ರನೆಲದ ಧಾತುಗಳನ್ನು ಗುರುತಿಸಲೆಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾಗಿದ್ದ 'ಕ್ಲಾಸ್' ಎಂಬ ಎಕ್ಸ್-ಕಿರಣ ಉಪಕರಣ, ಆ ಹಾದಿಯಲ್ಲಿ ಬಾಲದೊಳಗಿನ ವಿದ್ಯುದಾವೇಶದ ಕಣಗಳನ್ನೂ ಅವುಗಳ ತೀವ್ರತೆ ಏರಿಳಿಯುವುದನ್ನೂ ದಾಖಲಿಸಿತು.

ಬಾಲದೊಳಗಿನ ಕಣಗಳು ಏಕೆ ಹೀಗೆ ಏರಿಳಿಯುತ್ತವೆ ಎಂದು ಕೇಳಿದರೆ ಉತ್ತರದ ಒಂದು ದೊಡ್ಡ ಪಾಲು ಅಲ್ಲಿನ ವೇಗದ ಹರಿವುಗಳಲ್ಲಿ ಸಿಗುತ್ತದೆ. ಕಾಂತಬಾಲದ ನಡುವೆ ತುಂಬಿಕೊಂಡಿರುವ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನುಗಳೂ ಅಯಾನುಗಳೂ ಬೇರೆಬೇರೆಯಾಗಿ ಅಲೆಯುತ್ತಿದ್ದರೂ ಒಟ್ಟಾರೆ ತಟಸ್ಥವಾಗಿರುವ ಅನಿಲ, ಬಹುಪಾಲು ಸಮಯ ಸೆಕೆಂಡಿಗೆ ಕೆಲವು ಹತ್ತು ಕಿಲೋಮೀಟರುಗಳ ವೇಗದಲ್ಲಿ ಅತ್ತಿತ್ತ ತೂಗಾಡಿಕೊಂಡಿರುತ್ತದೆ. ಬಾಹ್ಯಾಕಾಶದ ಲೆಕ್ಕದಲ್ಲಿ ಅದು ತೆವಳುವಿಕೆ. ಆದರೆ ಆಗೊಮ್ಮೆ ಈಗೊಮ್ಮೆ ಅದೇ ಪ್ಲಾಸ್ಮಾದ ಒಂದು ಕಿರಿದಾದ ಪಟ್ಟಿ ಸೆಕೆಂಡಿಗೆ 400 ಕಿಲೋಮೀಟರನ್ನು ಮೀರಿ, ಕೆಲವು ಸಲ 1,000 ಕಿಲೋಮೀಟರಿನ ಹತ್ತಿರಕ್ಕೂ ಹೋಗಿ, ಭೂಮಿಯತ್ತ ನುಗ್ಗುತ್ತದೆ. ಬೆಂಗಳೂರು ಬಿಟ್ಟು ಒಂದು ಸೆಕೆಂಡಿನಲ್ಲಿ ಹುಬ್ಬಳ್ಳಿ ಮುಟ್ಟುವ ವೇಗ ಅದು. ಹತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿದು ಬಾಲ ಮತ್ತೆ ತೂಗಾಟಕ್ಕೆ ಮರಳುತ್ತದೆ.

ಈ ಹರಿವಿಗೂ ಕಾಂತಕ್ಷೇತ್ರಕ್ಕೂ ಇರುವ ಸಂಬಂಧವನ್ನು ಜನಪ್ರಿಯ ಬರಹಗಳು ಎರಡು ಬಗೆಯಲ್ಲಿ ಹೇಳುತ್ತವೆ. ಬಲರೇಖೆಗಳು ರಬ್ಬರಿನಂತೆ ತುಂಡಾಗಿ ಪ್ಲಾಸ್ಮಾವನ್ನು ಎಸೆಯುತ್ತವೆ ಎನ್ನುವುದು ಒಂದು; ಪ್ಲಾಸ್ಮಾ ನುಗ್ಗಿ ಬಂದು ಕಾಂತಕ್ಷೇತ್ರವನ್ನು ತಳ್ಳಿಕೊಂಡು ಹೋಗುತ್ತದೆ ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಒಂದನ್ನು ಕಾರಣ, ಇನ್ನೊಂದನ್ನು ಪರಿಣಾಮ ಎಂದು ಸಾಲಾಗಿ ನಿಲ್ಲಿಸಿದ ಕೂಡಲೇ ಮುಖ್ಯವಾದದ್ದು ಕೈತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಹರಿವಿನ ವೇಗ ಎಷ್ಟು ಎನ್ನುವುದಕ್ಕಿಂತ, ಹರಿಯುವ ಕಾಂತಕೊಳವೆಯೊಳಗೆ, ಅಂದರೆ ಬಲರೇಖೆಗಳ ಒಂದು ಕಟ್ಟಿನೊಳಗೆ, ಪ್ಲಾಸ್ಮಾ ಎಷ್ಟು ಕಡಿಮೆ ಇದೆ ಎನ್ನುವುದೇ ಈ ಕಥೆಯ ತಿರುಳು. ಅಲ್ಲಿಗೆ ಹೋಗಲು ಮೊದಲು ಬಾಲದ ಕಟ್ಟಡವನ್ನು ಒಮ್ಮೆ ನೋಡಬೇಕು.

ಬಾಲದ ಇರವನ್ನು ಅಳತೆಗಳಿಂದ ಖಚಿತಪಡಿಸಿದವರು ನಾರ್ಮನ್ ನೆಸ್. 1963ರ ನವೆಂಬರಿನಲ್ಲಿ ಹಾರಿದ ಐಎಂಪಿ-1 ಉಪಗ್ರಹದ ಕಾಂತಮಾಪಕದ ದತ್ತಾಂಶವನ್ನು ಆಧರಿಸಿ ಅವರು 1965ರಲ್ಲಿ ಅದನ್ನು ಪ್ರಕಟಿಸಿದರು. ಬಾಲವನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಮೇಲೊಂದು, ಕೆಳಗೊಂದು ದೊಡ್ಡ ಭಾಗಗಳಿವೆ. ಇವಕ್ಕೆ ಲೋಬ್‌ಗಳೆಂದು ಹೆಸರು. ಉತ್ತರದ ಲೋಬ್‌ನಲ್ಲಿ ಬಲರೇಖೆಗಳು ಭೂಮಿಯ ಕಡೆಗೂ, ದಕ್ಷಿಣದ್ದರಲ್ಲಿ ಭೂಮಿಯಿಂದ ಆಚೆಗೂ ಮುಖ ಮಾಡಿವೆ. ಎದುರುಬದುರು ದಿಕ್ಕಿನ ಈ ಎರಡು ಕ್ಷೇತ್ರಗಳು ನಡುವೆ ಒಂದು ವಿದ್ಯುತ್ ಪ್ರವಾಹ ಹರಿಯದೆ ಅಕ್ಕಪಕ್ಕ ಇರಲಾರವು. ಆ ಪ್ರವಾಹ ಬಾಲದ ಬೆಳಗಿನ ಬದಿಯಿಂದ ಸಂಜೆಯ ಬದಿಗೆ ಅಡ್ಡಲಾಗಿ ಹರಿಯುತ್ತದೆ, ಮತ್ತು ಅದನ್ನು ಹೊತ್ತಿರುವುದು ನಡುವಿನ ಪ್ಲಾಸ್ಮಾ ಹಾಳೆ. ಲೋಬ್‌ನ ಕ್ಷೇತ್ರ ಸುಮಾರು 20 ನ್ಯಾನೊಟೆಸ್ಲಾ. ಬೆಂಗಳೂರಿನ ನೆಲದ ಮೇಲಿನ ಕ್ಷೇತ್ರದ ಎರಡು ಸಾವಿರದಲ್ಲಿ ಒಂದು ಪಾಲು. ಪ್ಲಾಸ್ಮಾ ಹಾಳೆಯ ನಟ್ಟನಡುವೆ ಅದೂ ಇಲ್ಲದೆ ಕೆಲವೇ ನ್ಯಾನೊಟೆಸ್ಲಾಗಳು ಉಳಿಯುತ್ತವೆ. ಅಲ್ಲಿ ಘನ ಸೆಂಟಿಮೀಟರಿಗೆ ಒಂದು ಅಯಾನೂ ಸಿಗುವುದು ಕಷ್ಟ, ಆದರೆ ಸಿಕ್ಕಿದ್ದರ ಉಷ್ಣತೆ ಕೋಟಿಗಟ್ಟಲೆ ಡಿಗ್ರಿ. ಈ ಬಿಸಿ ಪ್ಲಾಸ್ಮಾದ ಒತ್ತಡವೇ ಮೇಲಿನ ಮತ್ತು ಕೆಳಗಿನ ಲೋಬ್‌ಗಳ ಕಾಂತೀಯ ಒತ್ತಡಕ್ಕೆ ಎದುರು ನಿಂತು ಹಾಳೆಯನ್ನು ಹಿಸುಕಿಹೋಗದಂತೆ ಕಾಯುತ್ತದೆ.

ಇಂಥ ವಿರಳ ಪ್ಲಾಸ್ಮಾದಲ್ಲಿ ಕಣ ಕಣಕ್ಕೆ ಡಿಕ್ಕಿ ಹೊಡೆಯುವುದೇ ಇಲ್ಲ ಎನ್ನಬಹುದು. ಆದ್ದರಿಂದ ಇಲ್ಲಿನ ಹರಿವನ್ನು ನಮ್ಮ ಗಾಳಿಗೆ ಹೋಲಿಸುವುದು ದಾರಿ ತಪ್ಪಿಸುತ್ತದೆ. ಗಾಳಿಯಲ್ಲಿ ಅಣು ಅಣುವನ್ನು ತಳ್ಳುತ್ತದೆ. ಇಲ್ಲಿ ಕಣಗಳನ್ನು ಒಂದು ಗುಂಪಾಗಿ ಕಟ್ಟಿ ನಡೆಸುವುದು ಕಾಂತಕ್ಷೇತ್ರ. 1940ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಹಾನೆಸ್ ಆಲ್ವೇನ್ ಮುಂದಿಟ್ಟ ತತ್ತ್ವದ ಪ್ರಕಾರ, ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವ ಪ್ಲಾಸ್ಮಾದಲ್ಲಿ ಬಲರೇಖೆಗಳು ದ್ರವ್ಯದೊಳಗೆ ಹೆಪ್ಪುಗಟ್ಟಿದಂತೆ ಇರುತ್ತವೆ. ಪ್ಲಾಸ್ಮಾ ಹೋದ ಕಡೆ ರೇಖೆ ಹೋಗುತ್ತದೆ, ರೇಖೆ ಹೋದ ಕಡೆ ಪ್ಲಾಸ್ಮಾ ಹೋಗುತ್ತದೆ. ಮಜವೆಂದರೆ, 1970ರಲ್ಲಿ ನೊಬೆಲ್ ಪಡೆದ ಆಲ್ವೇನ್ ಅವರೇ ಮುಂದೆ ಈ ಕಲ್ಪನೆಯ ಅತಿಬಳಕೆಯನ್ನು ಕಟುವಾಗಿ ಟೀಕಿಸಿದರು. ಹೆಪ್ಪು ಎಲ್ಲೆಲ್ಲೂ ಗಟ್ಟಿಯಾಗಿ ಉಳಿದರೆ ಕಾಂತಬಾಲದಲ್ಲಿ ಸ್ವಾರಸ್ಯವಾದದ್ದೇನೂ ನಡೆಯುವುದಿಲ್ಲ ಎನ್ನುವುದು ನಿಜ.

ಹೆಪ್ಪುಗಟ್ಟಿದ ಸ್ಥಿತಿಯ ಒಂದು ಫಲಿತವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪ್ಲಾಸ್ಮಾ ಬಲರೇಖೆಗೆ ಅಡ್ಡಲಾಗಿ ಚಲಿಸಿದರೆ ಮಾತ್ರ ರೇಖೆಯನ್ನು ಹೊತ್ತೊಯ್ಯುತ್ತದೆ; ರೇಖೆಯ ಗುಂಟವೇ ಓಡಿದರೆ ಎಷ್ಟೇ ವೇಗವಿದ್ದರೂ ಕಾಂತಕ್ಷೇತ್ರ ಇದ್ದಲ್ಲೇ ಇರುತ್ತದೆ. ಪ್ಲಾಸ್ಮಾ ಹಾಳೆಯ ಅಂಚಿನಲ್ಲಿ, ಅದು ಲೋಬ್‌ಗೆ ತಾಗುವಲ್ಲಿ, ರೇಖೆಗಳ ಗುಂಟ ಭೂಮಿಯತ್ತ ಧಾವಿಸುವ ಅಯಾನುಗಳ ಧಾರೆಗಳಿವೆ. ಅವುಗಳ ವೇಗ ಹಾಳೆಯ ನಡುವಿನ ಹರಿವಿನಷ್ಟೇ ಇರಬಹುದು, ಅದಕ್ಕಿಂತ ಹೆಚ್ಚೂ ಇರಬಹುದು. ಆದರೆ ಅವು ಬಾಲದ ಕಾಂತಕ್ಷೇತ್ರವನ್ನು ಒಂದಿಂಚೂ ಸಾಗಿಸುವುದಿಲ್ಲ. ಬರಿಯ ವೇಗವನ್ನು ನೋಡಿ ಹರಿವುಗಳನ್ನು ಎಣಿಸಿದವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ರಾಶಿಗೆ ಹಾಕಿದಂತಾಗುತ್ತದೆ. ಈ ವಿಷಯದ ಅಂಕಿಅಂಶಗಳನ್ನು ಓದುವಾಗ ನಾನು ಮೊದಲು ಹುಡುಕುವುದು, ಲೇಖಕರು ರೇಖೆಗೆ ಅಡ್ಡವಾದ ವೇಗವನ್ನು ಬೇರ್ಪಡಿಸಿದ್ದಾರೆಯೇ ಎಂಬುದನ್ನು.

1984ರಲ್ಲಿ ಹಾರಿದ ಪಶ್ಚಿಮ ಜರ್ಮನಿಯ ಐಆರ್‌ಎಂ ಉಪಗ್ರಹ ಈ ವಿಷಯದ ತಿರುವು. ಬಾಹ್ಯಾಕಾಶದಲ್ಲಿ ಬೇರಿಯಂ ಮೋಡಗಳನ್ನು ಬಿಡುಗಡೆ ಮಾಡಿ ಕೃತಕ ಧೂಮಕೇತುವನ್ನು ಸೃಷ್ಟಿಸಿದ್ದು ಅದರ ಹೆಸರನ್ನು ಪತ್ರಿಕೆಗಳಿಗೆ ತಂದಿತಾದರೂ, ಬಾಲದೊಳಗೆ ಅದು ಸದ್ದಿಲ್ಲದೆ ಮಾಡಿದ ಅಳತೆಗಳೇ ಹೆಚ್ಚು ಬಾಳಿಕೆ ಬಂದವು. ಅವನ್ನು ಆಧರಿಸಿ ವೋಲ್ಫ್‌ಗ್ಯಾಂಗ್ ಬೌಮ್‌ಯೋಹಾನ್ ಮತ್ತು ಸಂಗಡಿಗರು 1990ರಲ್ಲಿ, ವೇಗದ ಹರಿವುಗಳು ಬಹುಪಾಲು ಭೂಮಿಯ ಕಡೆಗೇ ಇರುತ್ತವೆ ಮತ್ತು ಬಿಡಿಬಿಡಿಯಾದ ಕಿರು ಸ್ಫೋಟಗಳಂತೆ ಬರುತ್ತವೆ ಎಂದು ತೋರಿಸಿದರು. 1992ರಲ್ಲಿ ವಾಸಿಲಿಸ್ ಏಂಜೆಲೊಪೌಲೋಸ್ ಇವಕ್ಕೆ 'ಬರ್ಸ್ಟಿ ಬಲ್ಕ್ ಫ್ಲೋ' ಎಂದು ಹೆಸರಿಟ್ಟರು: ಸುಮಾರು ಹತ್ತು ನಿಮಿಷಗಳ ಒಂದು ಕಂತು, ಅದರೊಳಗೆ ತಲಾ ಒಂದು ನಿಮಿಷದಷ್ಟಿರುವ ಹಲವು ನುಗ್ಗುಗಳು. ಎರಡು ವರ್ಷಗಳ ಬಳಿಕ ಅವರು ಮಾಡಿದ ಲೆಕ್ಕ ಇನ್ನೂ ಬೆರಗು ಹುಟ್ಟಿಸುವಂಥದ್ದು. ಈ ಕಂತುಗಳು ಆಕ್ರಮಿಸುವುದು ಒಟ್ಟು ಸಮಯದ ಶೇಕಡಾ 10ರಿಂದ 15ರಷ್ಟನ್ನು ಮಾತ್ರ. ಆದರೆ ಪ್ಲಾಸ್ಮಾ ಹಾಳೆಯ ಆ ಭಾಗದಲ್ಲಿ ಭೂಮಿಯತ್ತ ಸಾಗುವ ದ್ರವ್ಯ, ಶಕ್ತಿ ಮತ್ತು ಕಾಂತೀಯ ಫ್ಲಕ್ಸ್ (ಬಲರೇಖೆಗಳ ಒಟ್ಟು ಮೊತ್ತ) ಇವುಗಳಲ್ಲಿ ಶೇಕಡಾ 60ಕ್ಕಿಂತ ಹೆಚ್ಚಿನದನ್ನು ಹೊತ್ತು ತರುವುದು ಇವೇ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಕೆಲವೇ ಜಡಿಮಳೆಯ ದಿನಗಳಲ್ಲೇ ಸುರಿಯುವ ಬಯಲುಸೀಮೆಯ ಕೆರೆಯ ಕಥೆ ಗೊತ್ತಿದ್ದವರಿಗೆ ಇದು ತೀರಾ ಹೊಸದೆನಿಸಲಾರದು. ಸರಾಸರಿಯನ್ನು ನಂಬಿ ಕೂತವನು ಕೆರೆಯನ್ನೂ ಅರಿಯಲಾರ, ಬಾಲವನ್ನೂ ಅರಿಯಲಾರ.

ಒಂದು ಸಣ್ಣ ಲೆಕ್ಕದಿಂದ ಈ ಮಾತಿನ ತೂಕ ಗೊತ್ತಾಗುತ್ತದೆ. ಸೆಕೆಂಡಿಗೆ 400 ಕಿಲೋಮೀಟರು ವೇಗದ ಪ್ಲಾಸ್ಮಾ 10 ನ್ಯಾನೊಟೆಸ್ಲಾ ಕ್ಷೇತ್ರವನ್ನು ಹೊತ್ತು ಬಂದರೆ, ಅದಕ್ಕೆ ಅಡ್ಡಲಾಗಿ ಪ್ರತಿ ಮೀಟರಿಗೆ 4 ಮಿಲಿವೋಲ್ಟ್ ವಿದ್ಯುತ್ ಕ್ಷೇತ್ರ ಇರುತ್ತದೆ. ಇಂಥ ಹರಿವಿನ ಅಗಲ ಎರಡು ಮೂರು ಭೂತ್ರಿಜ್ಯ ಎಂದು ಯುರೋಪಿನ ಕ್ಲಸ್ಟರ್ ನೌಕೆಗಳ ಅಳತೆಗಳು ಹೇಳುತ್ತವೆ. ಮೂರು ತ್ರಿಜ್ಯವೆಂದರೆ ಸುಮಾರು 19,000 ಕಿಲೋಮೀಟರು. ಗುಣಿಸಿದರೆ 76,000 ವೋಲ್ಟ್. ನಲವತ್ತಕ್ಕೂ ಹೆಚ್ಚು ತ್ರಿಜ್ಯ ಅಗಲವಿರುವ ಇಡೀ ಬಾಲದ ಅಡ್ಡಕ್ಕೆ ಸಾಮಾನ್ಯ ದಿನಗಳಲ್ಲಿ ಕಾಣುವ ಒಟ್ಟು ವೋಲ್ಟೇಜು ಇದೇ ಅಳತೆಯದ್ದು. ಅಂದರೆ ಓಣಿಯಷ್ಟು ಕಿರಿದಾದ ಒಂದು ಹರಿವು, ತಾನು ಇರುವಷ್ಟು ಹೊತ್ತು, ಊರಿಗೆ ಊರೇ ಮಾಡಬೇಕಾದ ಕೆಲಸವನ್ನು ಒಂಟಿಯಾಗಿ ಮಾಡುತ್ತದೆ.

ಎಸೆತ ಎಲ್ಲಿಂದ

ಹರಿವಿನ ಮೂಲಕ್ಕೆ ಹೋದರೆ ಎದುರಾಗುವುದು ಕಾಂತೀಯ ಮರುಜೋಡಣೆ. 1961ರಲ್ಲಿ ಬ್ರಿಟನ್ನಿನ ಜೇಮ್ಸ್ ಡಂಗಿ ಕೊಟ್ಟ ಚಿತ್ರದ ಪ್ರಕಾರ, ಸೌರಮಾರುತದ ಕಾಂತಕ್ಷೇತ್ರ ದಕ್ಷಿಣಮುಖಿಯಾಗಿದ್ದಾಗ ಹಗಲಿನ ಬದಿಯಲ್ಲಿ ಭೂಮಿಯ ಬಲರೇಖೆಗಳು ಬಿಚ್ಚಿ ಸೂರ್ಯನ ರೇಖೆಗಳೊಂದಿಗೆ ಕೂಡಿಕೊಳ್ಳುತ್ತವೆ. ಸೌರಮಾರುತ ಅವನ್ನು ಧ್ರುವಗಳ ಮೇಲಿನಿಂದ ಹಿಂದಕ್ಕೆ ಎಳೆದು ಬಾಲದ ಲೋಬ್‌ಗಳಲ್ಲಿ ಪೇರಿಸುತ್ತದೆ. ಕೊನೆಗೆ ಬಾಲದ ನಡುವೆ ಉತ್ತರದ ರೇಖೆಯೂ ದಕ್ಷಿಣದ ರೇಖೆಯೂ ಕತ್ತರಿಸಿಕೊಂಡು ಹೊಸದಾಗಿ ಬೆಸೆದುಕೊಳ್ಳುತ್ತವೆ. ಭೂಮಿಗೆ ಹತ್ತಿರದ ಬಾಲದಲ್ಲಿ ಈ ಬೆಸುಗೆ ಹೆಚ್ಚಾಗಿ 20ರಿಂದ 30 ತ್ರಿಜ್ಯ ದೂರದಲ್ಲಿ ನಡೆಯುತ್ತದೆ ಎಂಬುದನ್ನು ಜಪಾನಿನ ಜಿಯೋಟೇಲ್ ಉಪಗ್ರಹ 1990ರ ದಶಕದಲ್ಲಿ ತೋರಿಸಿತು. ಬೆಸುಗೆಯಿಂದ ಹೊರಬಂದ ರೇಖೆ ಕವಣೆಯ ಹುರಿಯಂತೆ ತೀವ್ರವಾಗಿ ಬಾಗಿರುತ್ತದೆ. ಬಾಗಿದ ರೇಖೆಗೆ ನೇರವಾಗುವ ಬಿಗಿತವಿದೆ. ಆ ಬಿಗಿತ ಬೆಸುಗೆಯ ಒಂದು ಬದಿಯ ಪ್ಲಾಸ್ಮಾವನ್ನು ಭೂಮಿಯತ್ತಲೂ, ಇನ್ನೊಂದು ಬದಿಯದ್ದನ್ನು ಬಾಲದ ತುದಿಯತ್ತಲೂ ಎಸೆಯುತ್ತದೆ.

ಹರಿವಿನ ದಿಕ್ಕಿಗೂ ಕ್ಷೇತ್ರದ ದಿಕ್ಕಿಗೂ ಇರುವ ನಂಟು ಇಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಭೂಮಿಯ ಬದಿಯ ಹರಿವು ಉತ್ತರಮುಖಿ ಕ್ಷೇತ್ರವನ್ನು ಹೊತ್ತಿರುತ್ತದೆ. ಆಚೆ ಬದಿಯ ಹರಿವು ದಕ್ಷಿಣಮುಖಿ ಕ್ಷೇತ್ರವನ್ನು. ವೇಗವೂ ತಿರುಗಿತು, ಕ್ಷೇತ್ರವೂ ತಿರುಗಿತು. ಎರಡರ ಗುಣಲಬ್ಧವಾದ ವಿದ್ಯುತ್ ಕ್ಷೇತ್ರ ಮಾತ್ರ ಎರಡೂ ಕಡೆ ಒಂದೇ ದಿಕ್ಕಿನಲ್ಲಿ, ಬೆಳಗಿನ ಬದಿಯಿಂದ ಸಂಜೆಯ ಬದಿಗೆ, ಮುಂದುವರಿಯುತ್ತದೆ. 2017ರ ಜುಲೈ 11ರಂದು ಅಮೆರಿಕದ ಎಂಎಂಎಸ್‌ನ ನಾಲ್ಕು ನೌಕೆಗಳು ಸುಮಾರು 22 ತ್ರಿಜ್ಯ ದೂರದಲ್ಲಿ ಈ ಬೆಸುಗೆಯ ಗರ್ಭವನ್ನೇ ಹಾದುಹೋದವು. ಅಯಾನುಗಳ ಹರಿವು ದಿಕ್ಕು ಬದಲಿಸಿದಾಗ ಕ್ಷೇತ್ರವೂ ದಕ್ಷಿಣದಿಂದ ಉತ್ತರಕ್ಕೆ ತಿರುಗಿತು. ಅಲ್ಲಿ ಎಲೆಕ್ಟ್ರಾನುಗಳ ಧಾರೆ ಸೆಕೆಂಡಿಗೆ 15,000 ಕಿಲೋಮೀಟರಿನವರೆಗೆ ಏರಿತ್ತು. ಹೆಪ್ಪು ಕರಗುವ ಜಾಗ ಇದೇ: ಬಲರೇಖೆಯೂ ಎಲೆಕ್ಟ್ರಾನೂ ಕೈಬಿಟ್ಟುಕೊಳ್ಳುವ, ಬಾಲದ ಗಾತ್ರಕ್ಕೆ ಹೋಲಿಸಿದರೆ ಸೂಜಿಮೊನೆಯಷ್ಟು ಕಿರಿದಾದ ಪ್ರದೇಶ.

ಎಸೆತದ ವೇಗಕ್ಕೂ ಒಂದು ಮಿತಿ ಇದೆ, ಅದೂ ಕಾಂತಕ್ಷೇತ್ರದಿಂದಲೇ ಬರುತ್ತದೆ. ಮರುಜೋಡಣೆ ಪ್ಲಾಸ್ಮಾವನ್ನು ಹೆಚ್ಚೆಂದರೆ ಒಳಬರುವ ಕಡೆಯ ಆಲ್ವೇನ್ ವೇಗಕ್ಕೆ, ಅಂದರೆ ಬಲರೇಖೆಯ ಗುಂಟ ಕಂಪನ ಸಾಗುವ ವೇಗಕ್ಕೆ, ಏರಿಸಬಲ್ಲದು. 20 ನ್ಯಾನೊಟೆಸ್ಲಾ ಕ್ಷೇತ್ರದಲ್ಲಿ ಘನ ಸೆಂಟಿಮೀಟರಿಗೆ ಒಂದು ಪ್ರೋಟಾನು ಇದ್ದರೆ ಈ ವೇಗ ಸೆಕೆಂಡಿಗೆ ಸುಮಾರು 440 ಕಿಲೋಮೀಟರು. ಪ್ರೋಟಾನುಗಳ ಸಂಖ್ಯೆ ಹತ್ತನೇ ಒಂದಕ್ಕೆ ಇಳಿದರೆ ಸುಮಾರು 1,400 ಕಿಲೋಮೀಟರು. ನೌಕೆಗಳು ಅಳೆಯುವ ವೇಗಗಳು ಈ ಎರಡರ ನಡುವೆ ಬೀಳುವುದು ಕಾಕತಾಳೀಯವಲ್ಲ. ಮೊದಮೊದಲು ಬೆಸುಗೆ ದಟ್ಟವಾದ ಪ್ಲಾಸ್ಮಾ ಹಾಳೆಯ ರೇಖೆಗಳನ್ನು ತಿನ್ನುತ್ತದೆ, ಆಮೇಲೆ ಖಾಲಿ ಲೋಬ್‌ನ ರೇಖೆಗಳನ್ನು; ಹಾಗಾಗಿ ಹರಿವು ಹೊತ್ತೇರಿದಂತೆ ಚುರುಕಾಗುವುದಕ್ಕೆ ಅವಕಾಶವಿದೆ.

ಗುಳ್ಳೆಯ ವಾದ

ಇಷ್ಟಕ್ಕೇ ಕಥೆ ಮುಗಿದಿದ್ದರೆ ಕವಣೆಯ ಹೋಲಿಕೆ ಸಾಕಾಗಿತ್ತು. ಆದರೆ 1980ರಲ್ಲಿ ಗ್ಯಾರಿ ಎರಿಕ್ಸನ್ ಮತ್ತು ರಿಚರ್ಡ್ ವುಲ್ಫ್ ಒಂದು ತೊಡಕನ್ನು ಎತ್ತಿ ತೋರಿಸಿದರು. ಬಾಲದ ದೂರದಿಂದ ಒಂದು ಕಾಂತಕೊಳವೆ, ಅಂದರೆ ಒಂದಷ್ಟು ಬಲರೇಖೆಗಳ ಕಟ್ಟು ಮತ್ತು ಅದರೊಳಗೆ ಸಿಕ್ಕಿಕೊಂಡ ಪ್ಲಾಸ್ಮಾ, ಭೂಮಿಯತ್ತ ನಿಧಾನವಾಗಿ ಸಾಗುತ್ತಿದೆ ಎಂದುಕೊಳ್ಳಿ. ಹತ್ತಿರ ಬಂದಂತೆ ಕೊಳವೆ ಗಿಡ್ಡವಾಗುತ್ತದೆ, ಅದರ ಗಾತ್ರ ಕುಗ್ಗುತ್ತದೆ, ಒಳಗಿನ ಪ್ಲಾಸ್ಮಾ ಒತ್ತಿಹೋಗಿ ಬಿಸಿಯಾಗುತ್ತದೆ. ಶಾಖ ಸೋರದಿದ್ದರೆ ಗಾತ್ರ ಹತ್ತನೇ ಒಂದಾದಾಗ ಒತ್ತಡ ಸುಮಾರು 46 ಪಟ್ಟು ಏರಬೇಕು. ಹಾಗೆ ಏರಿದ ಒತ್ತಡವನ್ನು ಹಿಡಿದಿಡುವ ಶಕ್ತಿ ಅಲ್ಲಿನ ಕಾಂತಕ್ಷೇತ್ರಕ್ಕೆ ಇಲ್ಲ. ಉಪಗ್ರಹಗಳು ಅಳೆದ ಒತ್ತಡವೂ ಅಷ್ಟಿಲ್ಲ. ತುಂಬಿದ ಕೊಳವೆಗಳ ಮೆಲ್ಲನೆಯ, ಸಮನಾದ ಹರಿವು ಬಾಲದಲ್ಲಿ ಸಾಧ್ಯವೇ ಇಲ್ಲ ಎಂಬುದು ಇದರ ಅರ್ಥ. ಬಾಲ ಹೇಗೆ ತಾನೇ ತನ್ನ ಫ್ಲಕ್ಸ್ ಅನ್ನು ಭೂಮಿಯತ್ತ ಹಿಂದಿರುಗಿಸುತ್ತದೆ?

ಹತ್ತು ವರ್ಷಗಳ ಬಳಿಕ, 1990ರಲ್ಲಿ, ಡ್ಯುವೇನ್ ಪಾಂಟಿಯಸ್ ಮತ್ತು ಅದೇ ವುಲ್ಫ್ ಕೊಟ್ಟ ಉತ್ತರ ಸರಳವಾಗಿತ್ತು: ಎಲ್ಲ ಕೊಳವೆಗಳೂ ತುಂಬಿರಬೇಕಾಗಿಲ್ಲ. ನೆರೆಯ ಕೊಳವೆಗಳಿಗಿಂತ ಕಡಿಮೆ ಪ್ಲಾಸ್ಮಾ ಇರುವ ಒಂದು ಕೊಳವೆ, ನೀರಿನ ತಳದಿಂದ ಗುಳ್ಳೆ ಮೇಲೇಳುವ ಹಾಗೆ, ಭೂಮಿಯತ್ತ ತೇಲಿ ಬರುತ್ತದೆ. ಇಲ್ಲಿ ಗುರುತ್ವದ ಜಾಗದಲ್ಲಿ ಇರುವುದು ಬಾಗಿದ ರೇಖೆಯ ಬಿಗಿತ. ತುಂಬಿದ ಕೊಳವೆಯಲ್ಲಿ ಬಿಗಿತ ಎಳೆಯುವ ಬಲವನ್ನು ಪ್ಲಾಸ್ಮಾದ ಒತ್ತಡ ಸರಿದೂಗಿಸುತ್ತದೆ. ಬಡಕಲು ಕೊಳವೆಯಲ್ಲಿ ಆ ಸಮತೂಕ ತಪ್ಪಿ ಬಿಗಿತವೇ ಗೆಲ್ಲುತ್ತದೆ. ಕೊಳವೆ ಬಡಕಲಾಗುವ ಬಗೆಯನ್ನು ಮರುಜೋಡಣೆಯೇ ಒದಗಿಸುತ್ತದೆ. ಉದ್ದನೆಯ ಕೊಳವೆಯೊಂದು 20 ತ್ರಿಜ್ಯದಲ್ಲಿ ಕತ್ತರಿಸಿ ಬೆಸೆದಾಗ ಅದರ ಆಚೆಯ ಭಾಗದ ಪ್ಲಾಸ್ಮಾ ಬಾಲದ ತುದಿಗೆ ಎಸೆದುಹೋಗುತ್ತದೆ, ಈಚೆ ಉಳಿದ ಗಿಡ್ಡ ಕೊಳವೆಯ ಪಾಲಿಗೆ ಸರಕು ಕಡಿಮೆ ಬರುತ್ತದೆ. ಹೀಗೆ ನೋಡಿದಾಗ ವೇಗದ ಹರಿವು ಬಾಲದ ಅಪವಾದವಾಗಿ ಉಳಿಯುವುದಿಲ್ಲ. ಮೆಲ್ಲನೆಯ ದಾರಿ ಮುಚ್ಚಿರುವಲ್ಲಿ ತೆರೆದಿರುವ ದಾರಿ ಅದೊಂದೇ.

ಗುಳ್ಳೆಯ ಮುಂದಿನ ಅಂಚು ಎಷ್ಟು ತೀಕ್ಷ್ಣವಾಗಿರಬಲ್ಲದು ಎಂಬುದನ್ನು 2009ರ ಫೆಬ್ರವರಿ 27ರಂದು ಅಮೆರಿಕದ ಥೆಮಿಸ್ ಯೋಜನೆಯ ನೌಕೆಗಳು ಕಂಡವು. ಅಂದು ಅವು ಬಾಲದುದ್ದಕ್ಕೂ ಸಾಲಾಗಿ ನಿಂತಿದ್ದವು. ಇಪ್ಪತ್ತನೆಯ ತ್ರಿಜ್ಯದಲ್ಲಿದ್ದ ನೌಕೆ ಮೊದಲು ಕಂಡ ಕ್ಷೇತ್ರದ ಜಿಗಿತವನ್ನು, ಹನ್ನೊಂದನೆಯ ತ್ರಿಜ್ಯದಲ್ಲಿದ್ದದ್ದು ಕೆಲವು ನಿಮಿಷಗಳ ನಂತರ ಹೆಚ್ಚುಕಡಿಮೆ ಅದೇ ರೂಪದಲ್ಲಿ ಕಂಡಿತು. ಸೆಕೆಂಡಿಗೆ ಸುಮಾರು 300 ಕಿಲೋಮೀಟರು ವೇಗದಲ್ಲಿ ಬಂದ ಆ ಮುಂಚೂಣಿಯ ದಪ್ಪ ಕೆಲವು ನೂರು ಕಿಲೋಮೀಟರು ಮಾತ್ರ, ಅಂದರೆ ನೌಕೆಯನ್ನು ದಾಟಲು ಅದಕ್ಕೆ ಎರಡು ಸೆಕೆಂಡು ಸಾಕು. ಹನ್ನೆರಡು ಸಾವಿರ ಕಿಲೋಮೀಟರಿಗಿಂತ ಅಗಲವಾದ ಹರಿವಿಗೆ ಅಷ್ಟು ತೆಳುವಾದ ಮುಖ. ಆ ಮುಖದ ಮುಂದೆ ಕ್ಷೇತ್ರದ ಉತ್ತರಮುಖಿ ಅಂಶ ಕೊಂಚ ಕುಸಿಯುತ್ತದೆ, ಮುಖ ದಾಟಿದ ಕೂಡಲೇ ಥಟ್ಟನೆ ಏರುತ್ತದೆ; ಅದೇ ಕ್ಷಣ ಪ್ಲಾಸ್ಮಾದ ಸಾಂದ್ರತೆಯೂ ಒತ್ತಡವೂ ಇಳಿಯುತ್ತವೆ. ಒಳಗೆ ಕಾಂತೀಯ ಒತ್ತಡ ಹೆಚ್ಚು, ಹೊರಗೆ ಪ್ಲಾಸ್ಮಾದ ಒತ್ತಡ ಹೆಚ್ಚು, ಕೂಡಿದರೆ ಎರಡೂ ಕಡೆ ಸರಿಸುಮಾರು ಸಮ. ಗುಳ್ಳೆಯ ಲಕ್ಷಣ ಇದಕ್ಕಿಂತ ಸ್ಪಷ್ಟವಾಗಿ ಸಿಗುವುದು ಕಷ್ಟ.

ಇನ್ನು ಶೀರ್ಷಿಕೆಯ ಪ್ರಶ್ನೆ. ಇದನ್ನು ತಜ್ಞರೂ ಕಾವೇರಿದ ದನಿಯಲ್ಲಿ ಚರ್ಚಿಸಿದ್ದಾರೆ. ವಿದ್ಯುತ್ ಕ್ಷೇತ್ರ ಮತ್ತು ವಿದ್ಯುತ್ ಪ್ರವಾಹಗಳನ್ನು ಮೂಲವಾಗಿ ಹಿಡಿದು ಕಾಂತಗೋಳವನ್ನು ವಿವರಿಸುವ ರೂಢಿಯನ್ನು ಯೂಜೀನ್ ಪಾರ್ಕರ್ 1996ರಲ್ಲಿ ಪ್ರಶ್ನಿಸಿದರು. ಮೂಲವಾದವು ಕಾಂತಕ್ಷೇತ್ರ ಮತ್ತು ಹರಿವು, ಉಳಿದೆರಡು ಅವುಗಳಿಂದ ಹೊರಡುವ ಲೆಕ್ಕ ಎಂಬುದು ಅವರ ವಾದ. 2001ರಲ್ಲಿ ವಿಟೆನಿಸ್ ವಾಸಿಲ್ಯೂನಸ್, ಬಾಹ್ಯಾಕಾಶದ ಇಂಥ ಪ್ಲಾಸ್ಮಾದಲ್ಲಿ ಹರಿವು ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆಯೇ ಹೊರತು ವಿದ್ಯುತ್ ಕ್ಷೇತ್ರ ಹರಿವನ್ನಲ್ಲ ಎಂದು ಗಣಿತದಿಂದ ತೋರಿಸಿದರು. ಆದರೆ ಗುಳ್ಳೆಯನ್ನು ವಿದ್ಯುತ್ತಿನ ಭಾಷೆಯಲ್ಲಿ ಹೇಳುವುದೂ ಉಪಯುಕ್ತವೇ. ಬಡಕಲು ಕೊಳವೆ ಬಾಲದ ಅಡ್ಡಪ್ರವಾಹದ ತನ್ನ ಪಾಲನ್ನು ಹೊರಲಾರದು. ಹಾಗಾಗಿ ಅದರ ಬೆಳಗಿನ ಬದಿಯ ಅಂಚಿನಲ್ಲಿ ಧನ ಆವೇಶವೂ ಸಂಜೆ ಬದಿಯ ಅಂಚಿನಲ್ಲಿ ಋಣ ಆವೇಶವೂ ಸೇರಿಕೊಳ್ಳುತ್ತವೆ. ಉಳಿದ ಪ್ರವಾಹ ಬಲರೇಖೆಗಳ ಗುಂಟ ಒಂದು ಅಂಚಿನಿಂದ ಅಯಾನುಗೋಳಕ್ಕೆ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶಿತ ಪದರಕ್ಕೆ) ಇಳಿದು ಇನ್ನೊಂದು ಅಂಚಿಗೆ ಏರಿ ಸುತ್ತು ಮುಗಿಸುತ್ತದೆ. ಇದೂ ಅದೇ ಘಟನೆ. ಬಿಗಿತ ಗೆದ್ದಿತು ಎಂದರೂ, ಪ್ರವಾಹ ದಾರಿ ಬದಲಿಸಿತು ಎಂದರೂ ಹೇಳಿದ್ದು ಒಂದನ್ನೇ. ಪಾರ್ಕರ್ ಪಕ್ಷದ ಕಡೆಗೆ ನಾನು ಹೆಚ್ಚು ವಾಲುತ್ತೇನೆ, ಏಕೆಂದರೆ ಬಲವೆಲ್ಲಿದೆ ಎಂದು ಅದು ತೋರಿಸುತ್ತದೆ. ಆದರೆ ಧ್ರುವಪ್ರಭೆಯನ್ನು ವಿವರಿಸಲು ಕುಳಿತರೆ ಪ್ರವಾಹಗಳ ಭಾಷೆ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ನಿಲ್ಲುವ ಜಾಗ

ಹರಿವು ಭೂಮಿಯನ್ನು ಮುಟ್ಟುವುದಿಲ್ಲ. ಹತ್ತು ತ್ರಿಜ್ಯದ ಸುಮಾರಿಗೆ ಎಳೆದ ರೇಖೆಗಳು ಮುಗಿದು ಭೂಮಿಯ ಸಹಜವಾದ, ಬಲವಾದ ದ್ವಿಧ್ರುವ ಕ್ಷೇತ್ರ ಶುರುವಾಗುತ್ತದೆ. ಅಲ್ಲಿನ ಒತ್ತಡ ಹರಿವನ್ನು ತಡೆದು ನಿಲ್ಲಿಸುತ್ತದೆ, ಕೆಲವೊಮ್ಮೆ ಹಿಂದಕ್ಕೂ ಪುಟಿಸುತ್ತದೆ, ಎರಡು ಮಗ್ಗುಲುಗಳಿಗೆ ಸುಳಿಗಳಾಗಿ ತಿರುಗಿಸುತ್ತದೆ. 1997ರಲ್ಲಿ ಕಜುವೊ ಶಿಯೊಕಾವ ಮತ್ತು ಸಂಗಡಿಗರು ಈ ತಡೆಯನ್ನೇ ಸಬ್‌ಸ್ಟಾರ್ಮ್ ಎಂಬ ಘಟನೆಯ ನಡುಕೊಂಡಿಯಾಗಿ ಮುಂದಿಟ್ಟರು. ಒಂದರ ಮೇಲೊಂದು ಬಂದು ನಿಲ್ಲುವ ಹರಿವುಗಳು ತಮ್ಮೊಂದಿಗೆ ತಂದ ಫ್ಲಕ್ಸ್ ಅನ್ನು ಅಲ್ಲಿ ಪೇರಿಸುತ್ತವೆ, ಎಳೆದಿದ್ದ ಬಾಲ ಆ ಭಾಗದಲ್ಲಿ ದುಂಡಗಿನ ಆಕಾರಕ್ಕೆ ಮರಳುತ್ತದೆ, ಅಡ್ಡಪ್ರವಾಹ ಅಯಾನುಗೋಳದ ಮೂಲಕ ಸುತ್ತುಬಳಸಿ ಹರಿಯುತ್ತದೆ, ಉತ್ತರದ ಆಕಾಶದಲ್ಲಿ ಶಾಂತವಾಗಿದ್ದ ಧ್ರುವಪ್ರಭೆಯ ಕಮಾನು ಹೊತ್ತಿಕೊಂಡು ಚೆದುರುತ್ತದೆ. ಒಂಟಿ ಹರಿವೊಂದು ಬಂದಾಗಲೂ ಧ್ರುವಪ್ರಭೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಬೆಳಕಿನ ಎಳೆಯೊಂದು ಕಾಣುತ್ತದೆ. ನೆಲದ ಮೇಲೆ ನಿಂತು ಕಾಂತಬಾಲದ ಹರಿವನ್ನು ಬರಿಗಣ್ಣಿನಿಂದ ಓದಬಹುದಾದ ಏಕೈಕ ಲಿಪಿ ಅದು.

ಸಬ್‌ಸ್ಟಾರ್ಮ್ ಶುರುವಾಗುವುದು ದೂರದ ಮರುಜೋಡಣೆಯಿಂದಲೋ, ಹತ್ತಿರದ ಅಡ್ಡಪ್ರವಾಹ ತಾನಾಗಿ ಕುಸಿಯುವುದರಿಂದಲೋ ಎಂಬ ಜಗಳ ದಶಕಗಳಷ್ಟು ಹಳೆಯದು. ಅದನ್ನು ತೀರಿಸಲೆಂದೇ 2007ರ ಫೆಬ್ರವರಿಯಲ್ಲಿ ಥೆಮಿಸ್ ಹಾರಿತು. 2008ರ ಫೆಬ್ರವರಿ 26ರ ಘಟನೆಯಲ್ಲಿ ಮೊದಲು 20 ತ್ರಿಜ್ಯದ ಸುಮಾರಿಗೆ ಮರುಜೋಡಣೆ, 96 ಸೆಕೆಂಡುಗಳ ಬಳಿಕ ಧ್ರುವಪ್ರಭೆಯ ಹೊಳಪು, ಅದಕ್ಕೂ ನಂತರ ಹತ್ತಿರದ ಪ್ರವಾಹದ ಕುಸಿತ ಎಂಬ ಅನುಕ್ರಮವನ್ನು ತಂಡ ಪ್ರಕಟಿಸಿತು. ತೀರ್ಪು ದೂರದ ಪಕ್ಷದ ಪರ ಎಂದು ಸುದ್ದಿಯಾಯಿತು. ನನಗೆ ಆ 96 ಸೆಕೆಂಡು ಇಂದಿಗೂ ಕಾಡುತ್ತದೆ. ಸೆಕೆಂಡಿಗೆ 400 ಕಿಲೋಮೀಟರಿನ ಹರಿವು ಅಷ್ಟು ಹೊತ್ತಿನಲ್ಲಿ ಕ್ರಮಿಸುವುದು ಆರು ತ್ರಿಜ್ಯ, ಇಪ್ಪತ್ತಲ್ಲ. ಮರುಜೋಡಣೆಯ ಸುಳಿವು ಅಷ್ಟು ಬೇಗ ಧ್ರುವಪ್ರಭೆಯನ್ನು ಮುಟ್ಟಿದ್ದರೆ ಅದನ್ನು ತಂದದ್ದು ಹರಿವಾಗಿರಲಾರದು. ಬಲರೇಖೆಯ ಗುಂಟ ಹರಿವಿಗಿಂತ ಬಹುವೇಗವಾಗಿ ಸಾಗುವ ಆಲ್ವೇನ್ ಅಲೆಗಳೇ ಆಗಿರಬೇಕು. ಹತ್ತಿರದ ಪಕ್ಷದವರು ಈ ಘಟನೆಯ ಓದುವಿಕೆಯನ್ನು ಒಪ್ಪಲಿಲ್ಲ, ಮತ್ತು ಅವರ ಆಕ್ಷೇಪವನ್ನು ಬರಿಯ ಹಟವೆಂದು ತಳ್ಳಿಹಾಕುವಂತಿಲ್ಲ.

ಇದರ ಬಿಸಿ ತಟ್ಟುವುದು ಭೂಸ್ಥಿರ ಕಕ್ಷೆಯ ಉಪಗ್ರಹಗಳಿಗೆ. ಅವು 6.6 ತ್ರಿಜ್ಯದಲ್ಲಿವೆ, ಹರಿವು ಸಾಮಾನ್ಯವಾಗಿ ನಿಲ್ಲುವ ಜಾಗದ ಒಳಮಗ್ಗುಲಿಗೆ. ಹರಿವು ಅಲ್ಲಿಯವರೆಗೆ ಬರುವುದು ಅಪರೂಪ. ಆದರೆ ಅದು ಒತ್ತಿ ಬಿಸಿಮಾಡಿದ ಎಲೆಕ್ಟ್ರಾನುಗಳು ನಡುರಾತ್ರಿಯ ಬದಿಯಿಂದ ಒಳನುಗ್ಗಿ ಪೂರ್ವಕ್ಕೆ, ಬೆಳಗಿನ ಜಾವದ ಕಡೆಗೆ, ಸರಿಯುತ್ತವೆ. ಉಪಗ್ರಹದ ಮೈಮೇಲೆ ಆವೇಶ ಕೂಡಿ ಕಿಡಿ ಹಾರುವ ತೊಂದರೆಗಳು ನಡುರಾತ್ರಿಯಿಂದ ಮುಂಜಾನೆಯ ನಡುವೆ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಕಾರಣ ಇದೇ. 2010ರ ಏಪ್ರಿಲ್ 5ರಂದು ಗ್ಯಾಲಕ್ಸಿ-15 ಸಂವಹನ ಉಪಗ್ರಹ ನೆಲದ ಆಜ್ಞೆಗಳಿಗೆ ಓಗೊಡದೆ ತಿಂಗಳುಗಟ್ಟಲೆ ಅಲೆಯತೊಡಗಿದಾಗ ಅದೇ ಹೊತ್ತಿನಲ್ಲಿ ಪ್ರಬಲ ಸಬ್‌ಸ್ಟಾರ್ಮ್ ಒಂದು ನಡೆದಿತ್ತೆಂಬುದು ಸಂಶೋಧಕರ ಗಮನ ಸೆಳೆಯಿತು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1980ರ ದಶಕದಿಂದ ಕಾಯುತ್ತ ಬಂದಿರುವ ಇನ್ಸಾಟ್ ಮತ್ತು ಜಿಸ್ಯಾಟ್ ಉಪಗ್ರಹಗಳು ಇರುವುದೂ ಇದೇ ಕಕ್ಷೆಯಲ್ಲಿ. ನಮ್ಮ ನಡುರಾತ್ರಿಯೇ ಅವುಗಳ ನಡುರಾತ್ರಿ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಕಾಣಿಸಿದ ಕೆಂಪು ಪ್ರಭೆ ಸೂರ್ಯನಿಂದ ಸಾಲುಸಾಲಾಗಿ ಬಂದ ದ್ರವ್ಯಸ್ಫೋಟಗಳು ಎಬ್ಬಿಸಿದ ದೊಡ್ಡ ಕಾಂತೀಯ ಬಿರುಗಾಳಿಯ ಫಲ. ಅಂಥವು ವರ್ಷಗಳಿಗೊಮ್ಮೆ. ಸಬ್‌ಸ್ಟಾರ್ಮ್‌ಗಳು ದಿನಕ್ಕೆ ಹಲವು ಸಲ ಆಗಬಹುದು, ವೇಗದ ಹರಿವುಗಳಂತೂ ಸಬ್‌ಸ್ಟಾರ್ಮ್ ಇಲ್ಲದಾಗಲೂ ಇರುತ್ತವೆ. ಆದಿತ್ಯ-ಎಲ್1 ತನ್ನ ಆರು ಮೀಟರ್ ತೋಳಿನ ಮೇಲಿನ ಕಾಂತಮಾಪಕಗಳಿಂದ, ಭೂಮಿಯಿಂದ 15 ಲಕ್ಷ ಕಿಲೋಮೀಟರು ಮುಂದೆ, ಸೌರಮಾರುತದ ಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದನ್ನು ಅಳೆಯಬಲ್ಲದು. ಕೆರೆಗೆ ಒಳಹರಿವು ಎಷ್ಟೆಂಬುದು ಅದರಿಂದ ತಿಳಿಯುತ್ತದೆ. ಕೋಡಿ ಯಾವ ಕ್ಷಣಕ್ಕೆ, ಯಾವ ಮೂಲೆಯಲ್ಲಿ ಬೀಳುತ್ತದೆ ಎಂಬುದಕ್ಕೆ ಬಾಲದೊಳಗೇ ಕಣ್ಣುಗಳು ಬೇಕು.

ಆ ಕಣ್ಣುಗಳು ಕಡಿಮೆಯಾಗುತ್ತಿವೆ. ಮೂವತ್ತು ವರ್ಷ ದುಡಿದ ಜಿಯೋಟೇಲ್ 2022ರಲ್ಲಿ ದತ್ತಾಂಶ ದಾಖಲಿಸುವ ಯಂತ್ರ ಕೆಟ್ಟು ನಿಂತಿತು. 2000ದಲ್ಲಿ ಹಾರಿದ ಕ್ಲಸ್ಟರ್‌ನ ನಾಲ್ಕು ನೌಕೆಗಳಲ್ಲಿ ಸಾಲ್ಸಾ ಎಂಬುದನ್ನು 2024ರ ಸೆಪ್ಟೆಂಬರ್ 8ರಂದು ದಕ್ಷಿಣ ಪೆಸಿಫಿಕ್ ಮೇಲೆ ವಾತಾವರಣಕ್ಕೆ ಇಳಿಸಿ ಸುಡಲಾಯಿತು, ಅದರೊಂದಿಗೆ ಕ್ಲಸ್ಟರಿನ ವಿಜ್ಞಾನವೂ ಮುಗಿಯಿತು. ಥೆಮಿಸ್‌ನ ಐದರಲ್ಲಿ ಎರಡು ನೌಕೆಗಳು ಚಂದ್ರನ ಬಳಿಗೆ ಹೋಗಿ ಬಹಳ ಕಾಲವಾಗಿದೆ.

ಸಂಖ್ಯೆಯ ಪ್ರಶ್ನೆ ಇಲ್ಲಿ ಕೇವಲ ಹೆಚ್ಚು ದತ್ತಾಂಶದ ಆಸೆಯಲ್ಲ. ಒಂದೇ ನೌಕೆ ಕ್ಷೇತ್ರದ ಜಿಗಿತವನ್ನು ಕಂಡರೆ, ಹರಿವು ಬಂದು ದಾಟಿತೋ ಅಥವಾ ಬಾಲವೇ ಮೇಲೆ ಕೆಳಗೆ ಬಡಿದುಕೊಂಡಿತೋ ಹೇಳಲಾಗದು. ನಾಲ್ಕು ನೌಕೆಗಳನ್ನು ಚತುರ್ಮುಖಿಯ (ನಾಲ್ಕು ತ್ರಿಕೋನ ಮುಖಗಳ ಘನಾಕೃತಿಯ) ಮೂಲೆಗಳಲ್ಲಿ ನಿಲ್ಲಿಸಿದರೆ ಕ್ಷೇತ್ರ ಎಲ್ಲೆಲ್ಲಿ ಹೇಗೆ ಬದಲಾಗುತ್ತದೆ ಎಂಬುದರಿಂದ ವಿದ್ಯುತ್ ಪ್ರವಾಹವನ್ನೇ ಲೆಕ್ಕ ಹಾಕಬಹುದು, ಮುಂಚೂಣಿಯ ದಿಕ್ಕನ್ನೂ ವೇಗವನ್ನೂ ಪಡೆಯಬಹುದು. ಆದರೆ ನಾಲ್ಕು ನೌಕೆಗಳಿಗೆ ಕಾಣುವುದು ಒಂದೇ ಅಳತೆ. ಎಂಎಂಎಸ್‌ನಂತೆ ಹತ್ತಾರು ಕಿಲೋಮೀಟರು ಅಂತರದಲ್ಲಿ ನಿಂತರೆ ಎಲೆಕ್ಟ್ರಾನುಗಳ ಲೋಕ ಕಾಣುತ್ತದೆ, ಹರಿವಿನ ಅಗಲ ಕಾಣುವುದಿಲ್ಲ. ದೂರ ನಿಂತರೆ ಹರಿವು ಕಾಣುತ್ತದೆ, ಅದರ ತೆಳುಮುಖ ಕಾಣುವುದಿಲ್ಲ. ತಡೆಯ ಜಾಗದಲ್ಲಿ ಹರಿವಿನ ಶಕ್ತಿ ಎಷ್ಟು ಪಾಲು ಕಣಗಳ ಬಿಸಿಯಾಗುತ್ತದೆ, ಎಷ್ಟು ಅಲೆಗಳಾಗಿ ಅಯಾನುಗೋಳಕ್ಕೆ ಇಳಿಯುತ್ತದೆ ಎಂಬ ಲೆಕ್ಕ ತೀರಬೇಕಾದರೆ ಎರಡೂ ಅಳತೆಗಳನ್ನು ಒಂದೇ ಕ್ಷಣದಲ್ಲಿ ನೋಡಬೇಕು. 2023ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಮುಂದಿನ ಮಧ್ಯಮ ಗಾತ್ರದ ಯೋಜನೆಗಾಗಿ ಆರಿಸಿದ ಮೂರು ಅಭ್ಯರ್ಥಿಗಳಲ್ಲಿ ಒಂದಾದ 'ಪ್ಲಾಸ್ಮಾ ಅಬ್ಸರ್ವೇಟರಿ' ಕೇಳುವುದು ಒಂದು ತಾಯಿನೌಕೆ ಮತ್ತು ಆರು ಮರಿನೌಕೆಗಳನ್ನು: ಚಿಕ್ಕದೊಂದು, ದೊಡ್ಡದೊಂದು, ಹೀಗೆ ಎರಡು ಚತುರ್ಮುಖಿಗಳು. ಎಂಟು ಮೂಲೆಗಳಿಗೆ ಏಳೇ ನೌಕೆಗಳು ಸಾಕಾಗುವುದು, ಒಂದು ಮೂಲೆ ಎರಡಕ್ಕೂ ಸೇರಿರುವುದರಿಂದ.